ರಸ್ತೆಯ ಅಂಚಿನಿಂದ ಹಿಂತಿರುಗಿದವರು

ನಿವೃತ್ತಿಯ ಶಾಲು ಹೊದೆಸಿಕೊಂಡಾಗ ನನಗೆ ಮೂವತ್ತನಾಲ್ಕು ವರ್ಷ. ಶಾಲು ತಂದದ್ದು ನಿಜವಾಗಿ ಪದ್ಮನಾಭ ಸರ್‌ಗೆ. ಅವರಿಗೆ ಅರವತ್ತು ತುಂಬಿತ್ತು. ನನ್ನದು ಗುತ್ತಿಗೆಯ ಕೆಲಸ. ಯೋಜನೆ ಮುಗಿದ ದಿನ ಅದೂ ಮುಗಿಯಿತು. ಒಂದೇ ಸಂಜೆ ಇಬ್ಬರೂ ಹೊರಡುವವರು. ಒಬ್ಬರಿಗೆ ಶಾಲು ಹೊದೆಸುವಾಗ ಇನ್ನೊಬ್ಬ ಪಕ್ಕದಲ್ಲಿ ಬರಿ ಹೆಗಲಲ್ಲಿ ನಿಂತರೆ ಫೋಟೋ ಚೆನ್ನಾಗಿ ಬರುವುದಿಲ್ಲ ಎಂದು ಯಾರೋ ಪುಣ್ಯಾತ್ಮರು ಎರಡು ಶಾಲು ತಂದಿದ್ದರು. ಹಣ್ಣಿನ ಬುಟ್ಟಿ ಮಾತ್ರ ಒಂದೇ. ಅದನ್ನು ಸರ್ ಒಯ್ದರು. ಅನಾನಸು ಒಂದನ್ನು ನನಗೆ ಬಿಟ್ಟರು, ಸ್ಕೂಟರಿನಲ್ಲಿ ಹೋಗುವಾಗ ಮೊಣಕಾಲಿಗೆ ಚುಚ್ಚುತ್ತದೆ ಎಂದು.

ಹಾಗಾಗಿ ನಾನೂ ನಿವೃತ್ತನೇ. ಈಗ ಮದುವೆ, ವಾರ್ಷಿಕೋತ್ಸವಗಳಲ್ಲಿ ಮೈಕ್ ಹಿಡಿದು ಜನರ ಸ್ವರ ತೆಗೆದು, ಅಂದರೆ ಮಿಮಿಕ್ರಿ ಮಾಡಿ, ನಗಿಸುತ್ತೇನೆ. ಮೊನ್ನೆ ಊರಿನ ಇನ್ನೊಂದು ಭಾಗದಲ್ಲಿ ನನ್ನದೇ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಫೋನ್ ಮಾಡಿ, ಈ ಕೆಲಸ ಎಂತದ್ದು ಅಣ್ಣ, ಆಫೀಸಿನಲ್ಲಿ ಕೇಳಿದರೆ ದೊಡ್ಡ ಪುಸ್ತಕ ಕೊಡ್ತಾರೆ ಎಂದು ಗೋಳಾಡಿದರು. ಆ ಪುಸ್ತಕ ನಾನೂ ಓದಿದ್ದೇನೆ. ಕಾರುಗಳಿಗಾಗಿ ಬೆಳೆದ ಪೇಟೆಯನ್ನು ನಡೆಯುವವರಿಗೂ ಬದುಕುವವರಿಗೂ ಒಗ್ಗಿಸುವುದು ಹೇಗೆ ಎಂದು ಅದರಲ್ಲಿ ಉಂಟು. ಅದರಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ.

ನನ್ನ ಹುದ್ದೆಯ ಹೆಸರು ಕ್ಷೇತ್ರ ಸಮೀಕ್ಷಕ. ಅರ್ಥ ಇಷ್ಟೇ: ರಸ್ತೆಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು, ಹೋಗುವವರನ್ನು ಬರುವವರನ್ನು ಎಣಿಸುವವ. ಕೈಯಲ್ಲಿ ಒತ್ತಿದರೆ ಟಿಕ್ ಎನ್ನುವ ಒಂದು ಯಂತ್ರ, ಮಡಿಲಲ್ಲಿ ಒಂದು ಫಾರಂ. ಮೊದಲು ಹಾಕಿದ್ದು ಪಂಪ್‌ವೆಲ್ ಸರ್ಕಲಿಗೆ. ಅಲ್ಲಿ ಬಸ್ಸು, ಲಾರಿ, ಕಾರು, ಬೈಕ್ ಎಣಿಸಿ ಎಣಿಸಿ ಮನೆಗೆ ಬಂದರೆ, ಊಟಕ್ಕೆ ಕೂತಲ್ಲೂ ಹೆಬ್ಬೆರಳು ತನ್ನಷ್ಟಕ್ಕೆ ಆಡುತ್ತಿತ್ತು. ಅಮ್ಮ ಇದು ನರದ ದೋಷ ಎಂದು ಹರಕೆ ಹೇಳಿಕೊಂಡಿದ್ದಳು. ಆ ದಿನಗಳ ಗಳಿಕೆ ಎಂದರೆ ಸಿಟಿ ಬಸ್ಸಿನ ಕಂಡಕ್ಟರುಗಳ ಸ್ವರ. ಹದಿನಾಲ್ಕು ಬಗೆಯ ‘ಪಂಪ್‌ವೆಲ್ ಪಂಪ್‌ವೆಲ್’ ನನಗೆ ಬರುತ್ತದೆ. ಒಮ್ಮೆ ಸುಮ್ಮನೆ ಕುರ್ಚಿಯಲ್ಲಿ ಕೂತೇ ಕೂಗಿದೆ. ನಾಲ್ಕು ಮಂದಿ ಇಲ್ಲದ ಬಸ್ಸಿಗೆ ಓಡಿ ಬಂದರು. ಅವರಲ್ಲಿ ಒಬ್ಬರು ಬೈದ ಬೈಗುಳವನ್ನೂ ಕಲಿತುಕೊಂಡೆ.

ಎಣಿಸಿದ್ದನ್ನೆಲ್ಲ ಕೊನೆಗೆ ಕಾರಿನ ಲೆಕ್ಕಕ್ಕೆ ಇಳಿಸಬೇಕು. ಬಸ್ಸು ಎಂದರೆ ಮೂರು ಕಾರು. ಬೈಕ್ ಎಂದರೆ ಅರ್ಧ ಕಾರು. ಎತ್ತಿನ ಗಾಡಿಗೂ ಒಂದು ಅಂಕಿ ಇತ್ತು. ಮನುಷ್ಯ ಎಷ್ಟು ಕಾರು ಎಂದು ನಾನು ಪದ್ಮನಾಭ ಸರ್‌ಗೆ ಕೇಳಿದೆ. ಬೆಂಗ್ರೆಯಲ್ಲಿ ಹುಟ್ಟಿದವನ ಪ್ರಶ್ನೆ ಅದು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ದಾರಿಯ ಮೇಲೆ ಒಣಗಲು ಹಾಕಿದ ಬಲೆ. ಪೇಟೆಗೆ ಬರಬೇಕಾದರೆ ದೋಣಿ ಹತ್ತಬೇಕು. ಅಲ್ಲಿ ಕಾರು ಎಂದರೆ ಮದುವೆಗೆ ಮಾತ್ರ.

ಸರ್ ಕನ್ನಡಕ ತೆಗೆದರು, ಅಂಗಿಯ ತುದಿಯಿಂದ ಒರೆಸಿದರು, ಹಾಕಿದರು, ‘ನೋಡುವ’ ಎಂದರು.

ಪದ್ಮನಾಭ ಸರ್ ನಮ್ಮ ಮುಖ್ಯ ಯೋಜಕರು. ಅವರ ಬಾಯಿಂದ ಆಗುತ್ತದೆ ಎಂಬ ಮಾತನ್ನೂ ಆಗುವುದಿಲ್ಲ ಎಂಬ ಮಾತನ್ನೂ ಒಂಬತ್ತು ವರ್ಷದಲ್ಲಿ ನಾನು ಕೇಳಿಲ್ಲ. ಯಾರೇ ಬರಲಿ, ಯಾವ ಹೊತ್ತಿಗೇ ಬರಲಿ, ಮೊದಲು ‘ಊಟ ಆಯ್ತಾ?’ ಎನ್ನುವರು. ಬೆಳಿಗ್ಗೆ ಒಂಬತ್ತಕ್ಕೂ ಅದೇ. ಆಮೇಲೆ ವಿಷಯ ಕೇಳುವರು. ಕೊನೆಗೆ ‘ನೋಡುವ’. ಆ ಒಂದು ಮಾತನ್ನು ಎಳೆಯುವ ರೀತಿ, ನಡುವೆ ಒಮ್ಮೆ ಉಗುಳು ನುಂಗುವ ಸದ್ದು, ಎಲ್ಲವನ್ನೂ ನಾನು ಮೂರನೇ ವಾರಕ್ಕೇ ಸಾಧಿಸಿಕೊಂಡಿದ್ದೆ. ಆಫೀಸಿನಲ್ಲಿ ಅವರು ಇಲ್ಲದಾಗ ಅವರ ಕುರ್ಚಿಯ ಹಿಂದೆ ನಿಂತು ನೋಡುವ ಎಂದರೆ, ಟೈಪ್ ಮಾಡುತ್ತಿದ್ದವರು ಎದ್ದು ನಿಲ್ಲುತ್ತಿದ್ದರು.

ಪಂಪ್‌ವೆಲ್‌ನಿಂದ ನಮ್ಮನ್ನು ಫಳ್ನೀರಿಗೆ ತಂದರು. ಅಲ್ಲಿ ಆಸ್ಪತ್ರೆ, ಕ್ಲಿನಿಕ್ಕು, ಅಂಗಡಿ, ಫ್ಲಾಟು ಎಲ್ಲ ಒತ್ತೊತ್ತಾಗಿ ಉಂಟು. ನಮಗೆ ಕೊಟ್ಟದ್ದು ಅಲ್ಲಿಯ ಒಂದು ಅಗಲದ ಕಾಂಕ್ರೀಟ್ ರಸ್ತೆ. ನಡುವೆ ಸೊಂಟದೆತ್ತರದ ಡಿವೈಡರ್, ಅಲ್ಲಲ್ಲಿ ಒಬ್ಬರು ನುಸುಳುವಷ್ಟು ಸಂದಿ. ಬದಿಯಲ್ಲಿ ಫುಟ್‌ಪಾತ್ ಇತ್ತು ಎಂದೇ ಹೇಳಬೇಕು, ನಕ್ಷೆಯಲ್ಲಿ ಇತ್ತು. ಚರಂಡಿಯ ಮೇಲೆ ಚಪ್ಪಡಿ ಹಾಸಿ ಮಾಡಿದ್ದು. ಪ್ರತಿ ಫ್ಲಾಟಿನ ಗೇಟಿಗೆ ಕಾರು ಇಳಿಯಲು ಅದನ್ನು ಕತ್ತರಿಸಿದ್ದರು. ಮೊಣಕಾಲೆತ್ತರ ಹತ್ತು, ಇಳಿ, ಟ್ರಾನ್ಸ್‌ಫಾರ್ಮರಿಗೆ ಸುತ್ತು ಹಾಕು, ಮತ್ತೆ ಹತ್ತು. ಆರೋಗ್ಯವಂತ ಮನುಷ್ಯ ಈ ತುದಿಯಿಂದ ಆ ತುದಿಗೆ ಹೋದರೆ ಆಸ್ಪತ್ರೆ ಮುಟ್ಟುವಾಗ ರೋಗಿಯಾಗಿರುತ್ತಿದ್ದ. ಆ ಲೆಕ್ಕದಲ್ಲಿ ಆಸ್ಪತ್ರೆಯ ಜಾಗ ಸರಿಯಾಗಿಯೇ ಇತ್ತು.

ನನ್ನ ಫಾರಂನಲ್ಲಿ ನಡೆಯುವವರಿಗೆ ಎರಡು ಕಲಂ: ಫುಟ್‌ಪಾತಿನಲ್ಲಿ ನಡೆದವರು, ರಸ್ತೆ ದಾಟಿದವರು. ಮೊದಲ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಫುಟ್‌ಪಾತಿನ ಕಲಮಿನಲ್ಲಿ ಹನ್ನೊಂದು ಮಂದಿ ಸಿಕ್ಕಿದರು. ಅದರಲ್ಲಿ ಎರಡು ಸಲ ನಾನೇ, ಚಾ ಕುಡಿಯಲು ಹೋದದ್ದು. ನನ್ನ ಎದುರಿಗೇ ಜನ ಸಾಲಾಗಿ ರಸ್ತೆಯ ಮೇಲೆ, ಬಸ್ಸಿನ ಕನ್ನಡಿಗೆ ತಲೆ ತಾಗದಂತೆ ಓರೆಯಾಗಿ ನಡೆಯುತ್ತಿದ್ದರು. ಆದರೆ ಅವರಿಗೆ ಕಲಂ ಇರಲಿಲ್ಲ. ಕಲಂ ಇಲ್ಲದವರನ್ನು ಎಣಿಸುವುದು ಹೇಗೆ? ನಾನು ನಿಯತ್ತಿನ ನೌಕರ. ವರದಿಯಲ್ಲಿ ಚಂದದ ಅಕ್ಷರದಲ್ಲಿ ಬರೆದೆ: ಈ ರಸ್ತೆಯಲ್ಲಿ ನಡೆಯುವವರು ಇಲ್ಲವೆನ್ನುವಷ್ಟು ಕಡಿಮೆ.

ಸರ್ ಓದಿದರು. ಊಟ ಆಗಿದೆಯಾ ಎಂದು ಮೊದಲೇ ಕೇಳಿಯಾಗಿತ್ತು. ಆಸ್ಪತ್ರೆಗೆ ಬರುವವರೆಲ್ಲ ಹಾರಿಕೊಂಡು ಬರ್ತಾರಾ ಯತೀಶ ಎಂದು ಕೇಳಿ, ಕಾಗದ ನನ್ನ ಕೈಗೇ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ಆ ಸ್ವರವೂ ನನ್ನ ಸಂಗ್ರಹಕ್ಕೆ ಸೇರುತ್ತಿತ್ತು. ಅದು ಇಂದಿಗೂ ಖಾಲಿ.

ಮರುದಿನ ಮತ್ತೆ ಕುರ್ಚಿ. ಹನ್ನೆರಡು ದಾಟಿರಬಹುದು. ಎದುರಿನ ಆಸ್ಪತ್ರೆಯ ಪಕ್ಕದ ಗೇಟಿಗೆ ಸರಿಯಾಗಿ ಈಚೆ ಬದಿಯಲ್ಲಿ, ಫ್ಲಾಟಿನಿಂದ ಒಬ್ಬರು ಹೆಂಗಸು ಹೊರಗೆ ಬಂದರು. ಎಪ್ಪತ್ತು ದಾಟಿದವರು, ಇಸ್ತ್ರಿ ಮಾಡಿದ ಫ್ರಾಕು, ಕೈಯಲ್ಲಿ ಟವೆಲು ಸುತ್ತಿದ ಟಿಫಿನ್ ಕ್ಯಾರಿಯರ್. ರಸ್ತೆಯ ಅಂಚಿಗೆ ಬಂದರು. ಬಲಕ್ಕೆ ನೋಡಿದರು. ಕಾರು. ನೋಡಿದರು. ಬಸ್ಸು. ನೋಡಿದರು. ಒಂದು ಹೆಜ್ಜೆ ಇಳಿದರು, ಬೈಕೊಂದು ಸೆರಗಿಲ್ಲದ ಫ್ರಾಕನ್ನೂ ಹಾರಿಸಿಕೊಂಡು ಹೋಯಿತು, ಮೇಲೆ ಹತ್ತಿದರು. ಐದು ನಿಮಿಷ ಹಾಗೆಯೇ. ಆಮೇಲೆ ತಿರುಗಿ ನನ್ನ ಕುರ್ಚಿಯ ಹತ್ತಿರ ಬಂದು, ಮಗನನ್ನು ಕರೆಯುವ ಹಾಗೆ ಕರೆದರು.

‘ಪುತಾ, ನೀನು ಎಂತ ಎಣಿಸ್ತಾ ಇದ್ದಿ?’

ರಸ್ತೆ ದಾಟುವವರನ್ನು ಎಂದೆ.

‘ನನ್ನನ್ನು ಎಣಿಸಿದ್ಯಾ?’

ನೀವು ದಾಟಲಿಲ್ಲವಲ್ಲ ಬಾಯಮ್ಮ ಎಂದೆ.

‘ಅದೇ. ನಾಲ್ಕು ವರ್ಷ ಆಯ್ತು ನಾನು ದಾಟದೆ. ದಿನಾ ಬರ್ತೇನೆ. ಅದಕ್ಕೆ ನಿನ್ನ ಪುಸ್ತಕದಲ್ಲಿ ಜಾಗ ಇಲ್ವಾ?’

ಅವರ ಹೆಸರು ಜೂಲಿ ಬಾಯಿ, ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಕೆಲಸದ ಕಾಲದಲ್ಲಿ ಕಣ್ಣು ಮುಚ್ಚಿಕೊಂಡು ದಾಟುತ್ತಿದ್ದ ರಸ್ತೆ ಅದು. ಗಂಡ ಲಾರೆನ್ಸ್ ಪೊರ್ಬು ಗಲ್ಫಿನಲ್ಲಿ ದುಡಿದು ಬಂದವರು, ಲಕ್ವ ಹೊಡೆದು ಒಂದು ಬದಿ ಬಿದ್ದುಹೋಗಿ ಎದುರಿನ ದೀರ್ಘ ಆರೈಕೆಯ ವಾರ್ಡಿನಲ್ಲಿ ಮಲಗಿದ್ದರು. ಫ್ಲಾಟಿನ ಬಾಲ್ಕನಿಯಿಂದ ಆ ವಾರ್ಡಿನ ಕಿಟಕಿ ಕಾಣುತ್ತಿತ್ತು. ಆದರೆ ಡಿವೈಡರಿನಿಂದಾಗಿ ರಿಕ್ಷಾ ಕೆಳಗಿನ ಸರ್ಕಲಿಗೆ ಹೋಗಿ, ಯೂ ಟರ್ನ್ ಹೊಡೆದು, ಮಧ್ಯಾಹ್ನದ ಗಲಾಟೆಯಲ್ಲಿ ನಿಂತು ನಿಂತು ಬರಬೇಕು. ಅಷ್ಟು ಹತ್ತಿರಕ್ಕೆ ರಿಕ್ಷಾದವರು ಬರಲು ಒಪ್ಪುವುದೂ ಕಷ್ಟ. ಹೇಳಿದರೆ, ಎದುರಿಗೇ ಉಂಟಲ್ಲ ಬಾಯಮ್ಮ, ನಡೀರಿ ಎಂದು ನಗುತ್ತಿದ್ದರು. ಪೊರ್ಬು ಮಧ್ಯಾಹ್ನದ ಗಂಜಿಯನ್ನು ಹೆಂಡತಿಯ ಕೈಯಿಂದ ಮಾತ್ರ ಉಣ್ಣುವವರು. ಆಸ್ಪತ್ರೆಯ ಹುಡುಗಿಯರು ಚಮಚ ತಂದರೆ ಬಾಯಿ ಮುಚ್ಚಿಬಿಡುವರು. ರಿಕ್ಷಾ ಸಿಕ್ಕದ ದಿನ ಅವರಿಗೆ ಗಂಜಿ ಇಲ್ಲ. ಸಿಕ್ಕಿದ ದಿನ ತಣ್ಣಗಿನ ಗಂಜಿ. ಅವರು ಮೊದಲೇ ಸೊರಗಿದವರು, ಈಗ ಇನ್ನೂ ಇಳಿದಿದ್ದಾರೆ ಎಂದು ಜೂಲಿ ಬಾಯಿ ಹೇಳಿದರು. ನರ್ಸ್ ಅಲ್ಲವೇ, ಅಳುತ್ತಾ ಹೇಳಲಿಲ್ಲ, ಚಾರ್ಟ್ ಓದಿದ ಹಾಗೆ ಹೇಳಿದರು.

ನಾನು ಫಾರಂ ತಿರುಗಿಸಿ ಹಿಂಬದಿಯಲ್ಲಿ ಗೆರೆ ಎಳೆದು ಮೂರನೇ ಕಲಂ ಮಾಡಿದೆ: ಅಂಚಿಗೆ ಬಂದು ಹಿಂತಿರುಗಿದವರು. ಅದರಲ್ಲಿ ಮೊದಲ ಗೀಟು ಜೂಲಿ ಬಾಯಿಯದು.

ಒಂದು ವಾರ ಎಣಿಸಿದೆ. ಹೊಸಬರೇ, ಈ ಒಂದು ಮಾತು ಗುರುತು ಹಾಕಿಕೊಳ್ಳಿ. ಹೋದವರನ್ನು ಎಣಿಸುವುದು ಸುಲಭ, ಅವರು ಹೋಗುತ್ತಾರೆ. ಹಿಂತಿರುಗುವವರನ್ನು ಗುರುತಿಸಲು ಕಣ್ಣು ಬೇಕು. ಅವರು ಹಿಂತಿರುಗುವಾಗ ಬಸ್ಸಿಗೆ ಕಾಯುತ್ತಿದ್ದವರ ಹಾಗೆ, ಫೋನ್ ಬಂದವರ ಹಾಗೆ ನಟಿಸುತ್ತಾರೆ. ನಾಚಿಕೆ. ನಟನೆ ನನ್ನ ಕಸುಬು, ಹಾಗಾಗಿ ನನಗೆ ಗೊತ್ತಾಗುತ್ತಿತ್ತು. ವಾರದ ಕೊನೆಗೆ ಮೂರನೇ ಕಲಂ ಉಳಿದ ಎರಡಕ್ಕಿಂತ ಉದ್ದವಾಗಿತ್ತು.

ವರದಿಯನ್ನು ಮೇಲಿನ ಸಾಹೇಬರ ಮುಂದೆ ಇಡುವ ದಿನ ಪ್ರೊಜೆಕ್ಟರ್ ಕೈಕೊಟ್ಟಿತು. ಸರ್ ನನ್ನ ಕಡೆ ನೋಡಿದರು. ನಾನು ಎದ್ದು ಆ ಉದ್ದನೆಯ ಮೇಜಿನ ಬದಿಯಲ್ಲಿ ನಡೆದು ತೋರಿಸಿದೆ. ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್. ಕಾಲಿಗೆ ಪ್ಲಾಸ್ಟರ್ ಹಾಕಿದವ. ಎಕ್ಸ್‌ರೇ ಕವರನ್ನು ಬಿಸಿಲಿಗೆ ತಲೆಯ ಮೇಲೆ ಹಿಡಿದುಕೊಂಡವರು. ತುಂಬು ಬಸುರಿಯನ್ನೂ, ಅವಳಿಗಿಂತ ಹೆಚ್ಚು ಹೆದರಿದ ಅವಳ ಗಂಡನನ್ನೂ ಒಟ್ಟಿಗೆ. ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಕೊನೆಗೆ ನೀರಿನ ಜಗ್ಗನ್ನು ಕ್ಯಾರಿಯರ್ ಮಾಡಿಕೊಂಡು ಜೂಲಿ ಬಾಯಿಯಾದೆ. ಮೇಜಿನ ತುದಿಗೆ ಬಂದೆ, ಬಲಕ್ಕೆ ನೋಡಿದೆ, ನೋಡಿದೆ, ಇಳಿದೆ, ಹತ್ತಿದೆ, ತಿರುಗಿ ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ಸಾಹೇಬರು ಇನ್ನೂ ಏನೋ ಬರಲಿಕ್ಕೆ ಉಂಟು ಎಂದು ಕಾದರು. ಆಮೇಲೆ, ಇವರು ದಾಟುವುದಿಲ್ಲವಾ ಎಂದು ಕೇಳಿದರು. ಇಲ್ಲ ಸರ್, ನಾಲ್ಕು ವರ್ಷದಿಂದ ಎಂದೆ.

ಆ ಸಭೆಯಲ್ಲಿ ಒಂದು ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿತು. ಜೂಲಿ ಬಾಯಿಯ ಗೇಟಿನ ಎದುರಿಗೆ ಡಿವೈಡರನ್ನು ಎರಡು ಮೀಟರು ಒಡೆದು, ರಸ್ತೆಗೆ ಅಡ್ಡವಾಗಿ ಫುಟ್‌ಪಾತಿನಷ್ಟೇ ಎತ್ತರಕ್ಕೆ ಇಂಟರ್‌ಲಾಕ್ ಇಟ್ಟಿಗೆಯ ಪಟ್ಟಿ. ಕಾರುಗಳು ಅದನ್ನು ಹತ್ತಿ ಇಳಿಯಬೇಕು, ಹಾಗಾಗಿ ನಿಧಾನ ಮಾಡಲೇಬೇಕು. ನಡೆಯುವವರು ಇಳಿಯದೆ ಹತ್ತದೆ ನೇರ ಹೋಗಬಹುದು. ದೂರು ಬಂದರೆ ತೆಗೆಯಬೇಕು ಎಂಬುದು ಷರತ್ತು.

ದೂರು ಅದಕ್ಕೂ ಮೊದಲೇ ಬಂತು. ಪಟ್ಟಿ ಆಚೆ ಬದಿಗೆ, ಆಸ್ಪತ್ರೆಯ ಕಡೆಗೆ, ಮುಟ್ಟುವ ಜಾಗದಲ್ಲಿ ಶೇಖರಣ್ಣನ ಬೇಕರಿ ಇತ್ತು. ಬೇಕರಿಯ ಮುಂದೆ ನಾಲ್ಕು ಕಾರು ನಿಲ್ಲುತ್ತಿದ್ದವು. ಶೇಖರಣ್ಣ ದುಬೈಯ ಬೇಕರಿಯೊಂದರಲ್ಲಿ ಹನ್ನೆರಡು ವರ್ಷ ಇದ್ದು ಬಂದವರು. ಅವರ ಪ್ರತಿ ಎರಡನೇ ವಾಕ್ಯ ದುಬೈಯಲ್ಲಿ ಶುರುವಾಗುತ್ತದೆ. ದುಬೈಯಲ್ಲಿ ಕಾರು ನಿಲ್ಲಿಸಲಿಕ್ಕೆ ಜಾಗ ಇಲ್ಲದ ಅಂಗಡಿಗೆ ನೊಣ ಕೂಡ ಬರುವುದಿಲ್ಲ ಎಂದರು. ನಾನು ಅವರ ಸ್ವರದಲ್ಲೇ, ದುಬೈಯಲ್ಲಿ ಬೇಕರಿಯಲ್ಲಿ ನೊಣ ಇದ್ದರೆ ಬಾಗಿಲು ಹಾಕಿಸ್ತಾರೆ ಎಂದೆ. ನಕ್ಕರು, ಚಾ ಕೊಟ್ಟರು, ಆಮೇಲೆ ಅರ್ಜಿಯನ್ನೂ ಕೊಟ್ಟರು. ಅರ್ಜಿಯಲ್ಲಿ ನನ್ನ ಹೆಸರನ್ನು ಎರಡು ಕಡೆ ಬರೆದಿದ್ದರು.

ಸರ್ ಅರ್ಜಿಗೆ ‘ನೋಡುವ’ ಎಂದರು. ಮೇ ತಿಂಗಳ ಆರಂಭದಲ್ಲಿ ಕಂಟ್ರಾಕ್ಟರ್ ಹಮೀದಾಕ ಬಂದು ಮೂರೇ ದಿನದಲ್ಲಿ ಪಟ್ಟಿ ಹಾಕಿಕೊಟ್ಟರು. ನಾಲ್ಕನೇ ದಿನ ಮಧ್ಯಾಹ್ನ ಜೂಲಿ ಬಾಯಿ ಅಂಚಿಗೆ ಬಂದರು. ಬಲಕ್ಕೆ ನೋಡಿದರು. ಕಾರು ನಿಧಾನ ಮಾಡಿತು. ಅವರಿಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ನೋಡಿದರು. ಕಾರಿನವನು ಕೈ ಮಾಡಿದ. ಹೊರಟರು. ನಡುವೆ ಡಿವೈಡರಿನ ಬಾಯಲ್ಲಿ ಒಂದು ಗಳಿಗೆ ನಿಂತು, ಈಚೆ ಆಚೆ ಎರಡೂ ಕಡೆ ಅಂಗಡಿ ನೋಡಲು ಬಂದವರ ಹಾಗೆ ನೋಡಿ, ಆಚೆ ಮುಟ್ಟಿದರು. ನಾನು ಎಣಿಸಲು ಮರೆತೆ. ಆ ದಿನದ ಫಾರಂನಲ್ಲಿ ಅವರು ಇಲ್ಲ.

ವಾಪಸು ಬರುವಾಗ ಕ್ಯಾರಿಯರಿನ ಮುಚ್ಚಳ ತೆಗೆದು ನನಗೆ ತೋರಿಸಿದರು. ಕುಚ್ಚಲಕ್ಕಿ ಗಂಜಿಯ ಒಂದು ಅಗುಳೂ ಇರಲಿಲ್ಲ. ಒಣ ಸಿಗಡಿ ಚಟ್ನಿಯ ಪರಿಮಳ ಮಾತ್ರ ಇತ್ತು. ಬಿಸಿ ಇತ್ತು, ಬಾಯಿ ಸುಟ್ಟಿತು ಅಂತ ನನಗೇ ಬೈದರು ಎಂದರು. ನಾಲ್ಕು ವರ್ಷದ ನಂತರ ಗಂಡನಿಂದ ಬೈಸಿಕೊಂಡ ಹೆಂಗಸು ಅಷ್ಟು ಸಂತೋಷದಲ್ಲಿದ್ದದ್ದನ್ನು ನಾನು ನೋಡಿಲ್ಲ.

ಆ ಮೂರು ವಾರ ಒಳ್ಳೆಯ ವಾರಗಳು. ಬೇಕರಿಯ ಪಕ್ಕದಲ್ಲಿ ಒಂದು ಬೆಂಚನ್ನೂ ಹಾಕಿಸಿದೆವು. ನಕ್ಷೆಯಲ್ಲಿ ಇದ್ದ ಹಾಗೆ ರಸ್ತೆಗೆ ಬೆನ್ನು ಮಾಡಿ, ಮರಕ್ಕೆ ಮುಖ ಮಾಡಿ ಹಾಕಿಸಿದ್ದು ನಾನೇ. ಹತ್ತು ದಿನ ಅದರ ಮೇಲೆ ಒಂದು ನಾಯಿ ಮಾತ್ರ ಮಲಗಿತು. ಶೇಖರಣ್ಣನೇ ಹೇಳಿದರು, ಮರವನ್ನು ನೋಡಲಿಕ್ಕೆ ಯಾರು ಕೂತುಕೊಳ್ತಾರೆ ಮಾರಾಯ, ಯಾರು ಯಾರೊಟ್ಟಿಗೆ ಹೋಗ್ತಾರೆ ಅಂತ ನೋಡಬೇಕಲ್ಲ ಎಂದು. ಬೆಂಚನ್ನು ತಿರುಗಿಸಿದೆವು. ಮರುದಿನದಿಂದ ನಾಯಿಗೆ ಜಾಗ ಸಿಗಲಿಲ್ಲ.

ಹಾಗೆ ಎಲ್ಲ ಚಂದ ನಡೆಯುತ್ತಿರುವಾಗ ಮಳೆ ಬಂತು.

ಇದು ನನ್ನ ದೊಡ್ಡ ತಪ್ಪು. ಪದೋನ್ನತಿ ಯಾವುದೂ ಇಲ್ಲದ ವೃತ್ತಿಯಲ್ಲಿ ಇದನ್ನಾದರೂ ದೊಡ್ಡದು ಎಂದು ಹೇಳಿಕೊಳ್ಳಬೇಕು. ಆ ಪಟ್ಟಿಯ ನಕ್ಷೆ ಯಾವುದೋ ಒಣ ಊರಿಗೆ ಮಾಡಿದ ಮಾದರಿ. ಈ ಅಂಚಿನಿಂದ ಆ ಅಂಚಿಗೆ ಸಂದಿಲ್ಲದೆ ಮುಚ್ಚಿತ್ತು. ಅದನ್ನು ಜಾಗಕ್ಕೆ ಹೊಂದಿಸಿ ನೋಡಿ ಸರಿ ಎಂದು ಗೀಚಿದವನು ನಾನು. ಹೊಳೆಗೂ ಕಡಲಿಗೂ ನಡುವೆ ಹುಟ್ಟಿದವ, ಮೊಣಕಾಲುದ್ದ ನೀರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಶಾಲೆಗೆ ಹೋದವ, ಇಳಿಜಾರು ರಸ್ತೆಗೆ ಅಡ್ಡವಾಗಿ ಒಂದು ಗೋಡೆ ಕಟ್ಟಿಸಿ ಬಿಸಿಲಲ್ಲಿ ನಿಂತು ಸಂತೋಷಪಟ್ಟಿದ್ದೆ.

ಮೇ ಕೊನೆಯ ವಾರ, ಹನ್ನೊಂದು ಗಂಟೆಗೆ ಶುರುವಾದ ಮಳೆ ಒಂದು ಗಂಟೆ ಹೊಯ್ದಿತು. ಮೇಲಿನಿಂದ ಬಂದ ನೀರು ಪಟ್ಟಿಗೆ ತಾಗಿ ನಿಂತಿತು, ಏರಿತು, ಎಡಕ್ಕೆ ತಿರುಗಿ ಶೇಖರಣ್ಣನ ಬೇಕರಿಯೊಳಗೆ ಗಿರಾಕಿಯ ಹಾಗೆ ಮೆಟ್ಟಿಲು ಹತ್ತಿ ಹೋಯಿತು. ನಾನು ಓಡಿಬಂದಾಗ ಮೈದಾದ ಮೂಟೆಗಳು ಕೆಳಗಿನಿಂದ ನೆನೆದು ಕಂದಾಗಿದ್ದವು. ಶೇಖರಣ್ಣ ಲುಂಗಿ ಎತ್ತಿ ಕಟ್ಟಿ ಬಕೆಟಿನಲ್ಲಿ ನೀರು ಹೊರಗೆ ಎಸೆಯುತ್ತಿದ್ದರು. ನನ್ನನ್ನು ನೋಡಿಯೂ ದುಬೈಯನ್ನು ಎತ್ತಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಎದುರಿನ ಅಂಚಿನಲ್ಲಿ, ಅಂದರೆ ಅವರ ಗೇಟಿನ ಹತ್ತಿರ, ಜೂಲಿ ಬಾಯಿ ಕೊಡೆ ಹಿಡಿದು ನಿಂತಿದ್ದರು. ಪಟ್ಟಿಯ ಮೇಲೆ ಪಾದ ಮುಳುಗುವಷ್ಟು ಕೆಂಪು ನೀರು ಹರಿಯುತ್ತಿತ್ತು. ಎಲ್ಲಿ ಇಟ್ಟಿಗೆ, ಎಲ್ಲಿ ರಸ್ತೆ ಗೊತ್ತಾಗುತ್ತಿರಲಿಲ್ಲ. ಅವರು ಕೊಡೆಯ ತುದಿಯಿಂದ ನೀರನ್ನು ಕುಟ್ಟಿ ನೋಡಿದರು. ಆಮೇಲೆ ತಿರುಗಿ ಹೋದರು.

ಸಂಜೆಯ ಸಭೆಯಲ್ಲಿ ಸಾಹೇಬರು ನಗಲಿಲ್ಲ. ಷರತ್ತು ಷರತ್ತೇ. ನಾಳೆ ಬೆಳಿಗ್ಗೆ ಪಟ್ಟಿ ಎಬ್ಬಿಸಿ, ಡಿವೈಡರ್ ಮುಚ್ಚಿ ಎಂದರು. ಪದ್ಮನಾಭ ಸರ್ ಕನ್ನಡಕ ಒರೆಸಿದರು, ಬಾಯಿ ತೆರೆದರು, ನೋಡುವ ಎಂಬುದೂ ಬರಲಿಲ್ಲ. ಒಮ್ಮೆ ಒಡೆದದ್ದನ್ನು ಮುಚ್ಚಿದರೆ ಇನ್ನು ನಮ್ಮ ಕಾಲದಲ್ಲಿ ಅದು ತೆರೆಯುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸರ್ ಹೊರಗೆ ಬಂದು ಹಮೀದಾಕನಿಗೆ ಫೋನ್ ಮಾಡಿ, ಬೆಳಿಗ್ಗೆ ಜನ ಕಳಿಸಲು ಹೇಳಿ, ಸ್ಕೂಟರ್ ಹತ್ತಿ ಹೋದರು.

ನಾನು ದೋಣಿಗಾಗಿ ಕಾಯುತ್ತಾ ಕಡವಿನಲ್ಲಿ ನಿಂತಿದ್ದೆ. ಒಂದು ದಿನ ಸಿಕ್ಕಿದರೆ ಏನಾದರೂ ಮಾಡಬಹುದು ಅನಿಸಿತು. ಏನು ಎಂದು ಗೊತ್ತಿರಲಿಲ್ಲ. ಹಮೀದಾಕನಿಗೆ ಫೋನ್ ಮಾಡಿದೆ. ಉಗುಳು ನುಂಗಿದೆ. ಪದ್ಮನಾಭ ಸರ್ ಸ್ವರದಲ್ಲಿ, ಇದು ಮನೆಯ ನಂಬರ್, ನಾಳೆ ಜನ ಬೇಡ, ಒಂದು ದಿನ ತಡೀರಿ, ನೋಡುವ ಎಂದೆ. ಹಮೀದಾಕ ಒಮ್ಮೆ ಕೆಮ್ಮಿದರು. ಆಮೇಲೆ ಆಯ್ತು ಸರ್ ಎಂದರು. ಫೋನ್ ಇಟ್ಟೆ. ದೋಣಿ ಬಂತು. ಹತ್ತಿದೆ. ಹೊಸಬರೇ, ನೀವು ಇದನ್ನು ಮಾಡಬೇಡಿ. ನಿಮಗೆ ಸ್ವರ ತೆಗೆಯಲು ಬರುವುದೂ ಇಲ್ಲ.

ಮರುದಿನ ಆರೂವರೆಗೇ ಬೇಕರಿಗೆ ಹೋಗಿ ಹಿಡಿಸೂಡಿ ಹಿಡಿದೆ. ಶೇಖರಣ್ಣ ಬೇಡ ಎನ್ನಲಿಲ್ಲ. ಅರ್ಧ ಗಂಟೆ ಕೆಸರು ಗುಡಿಸಿದ ಮೇಲೆ ಚಾ ಕೊಟ್ಟು, ಹೊರಗೆ ಪಟ್ಟಿಯನ್ನು ನೋಡುತ್ತಾ ಮಾತು ತೆಗೆದರು.

‘ನಿನ್ನೆ ಆ ಬಾಯಮ್ಮ ಬಂದು ಹೋದದ್ದನ್ನು ನೋಡಿದೆ. ಮೂರು ವಾರ ಆಯ್ತು, ನನ್ನ ಅಂಗಡಿಯಲ್ಲಿ ಒಂದು ಬನ್ನು ತಕೊಳ್ಳಲಿಲ್ಲ. ದಿನಾ ಬಾಗಿಲಲ್ಲಿ ದೇವ್ ಬರೆಂ ಕರುಂ ಅಂತ ಹೇಳಿ ಹೋಗುದು. ಹಾಗಂದರೆ ಎಂತ?’

ದೇವರು ಒಳ್ಳೆಯದು ಮಾಡಲಿ ಎಂದು ಎಂದೆ.

‘ಮಾಡಿದ. ಮೈದಾ ಪೂರಾ ಗಂಜಿ ಮಾಡಿದ.’ ಚಾ ಮುಗಿಸಿದರು. ‘ಅಲ್ಲ ಮಾರಾಯ, ನಿಮ್ಮಲ್ಲಿ ಯಾರಿಗೂ ಗದ್ದೆ ಇರ್ಲಿಲ್ವಾ? ಕಟ್ಟಪುಣಿಗೆ ಕಂಡಿ ಬಿಡದೆ ಕಟ್ಟುದು ಯಾರು? ನೀರಿಗೆ ಹೋಗ್ಲಿಕ್ಕೆ ಬಾಯಿ ಬೇಕು. ಇಲ್ಲದಿದ್ರೆ ಅದು ನಿನ್ನ ಮನೆಗೇ ಬರ್ತದೆ.’

ಶೇಖರಣ್ಣ ದುಬೈಗೆ ಹೋಗುವ ಮೊದಲು ಅಪ್ಪನ ಜೊತೆ ಗದ್ದೆ ಮಾಡಿದವರು ಎಂಬುದು ನನಗೆ ಆಗ ಗೊತ್ತಾಯಿತು. ಗದ್ದೆಯ ಬದುವಿಗೆ ನಮ್ಮಲ್ಲಿ ಕಟ್ಟಪುಣಿ, ಅದರಲ್ಲಿ ನೀರು ಹರಿಯಲು ಬಿಡುವ ಸಣ್ಣ ಸಂದಿಗೆ ಕಂಡಿ ಎನ್ನುತ್ತಾರೆ. ಅವರು ಒಳಗಿನಿಂದ ಪಿಕ್ಕಾಸು ತಂದರು. ಫುಟ್‌ಪಾತಿಗೆ ತಾಗಿದ ಅಂಚಿನಲ್ಲಿ ಒಂದು ಅಡಿ ಅಗಲಕ್ಕೆ ಇಟ್ಟಿಗೆ ಎಬ್ಬಿಸಿದರು, ಆಚೆ ಬದಿಯಲ್ಲೂ ಡಿವೈಡರಿನ ಎರಡು ಮಗ್ಗುಲಲ್ಲೂ ನನ್ನ ಕೈಯಿಂದ ಮಾಡಿಸಿದರು. ಈಗ ನೀರು ಹೋಗಬಹುದು, ಆದರೆ ಜೂಲಿ ಬಾಯಿಯ ಕಾಲೂ ಆ ಸಂದಿಗೇ ಹೋಗುತ್ತದೆ ಎಂದೆ. ಅವರು ಯೋಚಿಸಿದರು. ಬೇಕರಿಯ ಹಿಂದೆ ಹಳೆ ಒಲೆಯ ದಪ್ಪ ಕಬ್ಬಿಣದ ತಟ್ಟೆಗಳು ಬಿದ್ದಿದ್ದವು, ವರ್ಷಗಟ್ಟಲೆ ಬನ್ನು ಬೆಂದವು. ನಾಲ್ಕನ್ನು ತಂದು ಸಂದಿಯ ಮೇಲೆ ಮುಚ್ಚಿ, ಮೇಲೆ ಹತ್ತಿ ಕುಣಿದು ನೋಡಿದರು. ಗಟ್ಟಿಯಿತ್ತು.

ಹತ್ತು ಗಂಟೆಗೆ ಪದ್ಮನಾಭ ಸರ್ ಬಂದರು. ಕೆಡವಿದ ಜಾಗ ನೋಡಲು ಬಂದವರಿಗೆ ಪಟ್ಟಿ ಕಂಡಿತು ಎಂದುಕೊಂಡೆ. ಅದರ ಮೇಲೆ ದೂರುದಾರ ಕಂಡ, ಪಿಕ್ಕಾಸು ಹಿಡಿದುಕೊಂಡು. ನಾನು ಫೋನಿನ ವಿಷಯ ಹೇಳಲು ಬಾಯಿ ತೆರೆದೆ. ಊಟ ಆಯ್ತಾ ಎಂದರು. ಇಲ್ಲ ಎಂದೆ. ಬನ್ನು ತಿನ್ನು ಎಂದು ಹೇಳಿ, ಬಗ್ಗಿ ಕಂಡಿಯನ್ನು ನೋಡಿದರು, ಬೆರಳಲ್ಲಿ ಅಳೆದರು. ಶೇಖರಣ್ಣನಿಗೆ, ಇದು ನಮಗೆ ಹೊಳೆಯಬೇಕಿತ್ತು ಎಂದರು.

ಹನ್ನೆರಡೂಕಾಲಿಗೆ ಮೋಡ ಕಟ್ಟಿತು. ನಾವು ಮೂವರೂ ಬೇಕರಿಯ ಮೆಟ್ಟಿಲ ಮೇಲೆ ಸಾಲಾಗಿ ನಿಂತೆವು. ನಿನ್ನೆಯಷ್ಟೇ ಜೋರಾಗಿ ಹೊಯ್ದಿತು. ನೀರು ಬಂದು ಪಟ್ಟಿಗೆ ತಾಗಿತು, ಒಂದು ಕ್ಷಣ ನಿಂತಿತು, ಆಮೇಲೆ ತಟ್ಟೆಯ ಅಡಿಯಲ್ಲಿ ಗುಳುಗುಳು ಎಂದು ದಾಟಿ ಕೆಳಗೆ ಓಡಿತು. ಮೆಟ್ಟಿಲು ಹತ್ತಲಿಲ್ಲ. ಶೇಖರಣ್ಣ, ದುಬೈಯಲ್ಲಿ ಎಂದು ಶುರು ಮಾಡಿದರು. ನನಗೆ ಅಷ್ಟು ನೆಮ್ಮದಿ ಕೊಟ್ಟ ಮಾತು ಬೇರೆ ಇಲ್ಲ.

ಆ ಮಳೆಯಲ್ಲೇ ಗೇಟು ತೆರೆಯಿತು. ಕೊಡೆ ಬಂತು, ಕೊಡೆಯ ಕೆಳಗೆ ಟವೆಲು ಸುತ್ತಿದ ಕ್ಯಾರಿಯರ್ ಬಂತು. ಅಂಚಿನಲ್ಲಿ ನಿಂತು ಕೊಡೆಯ ತುದಿಯಿಂದ ತಟ್ಟೆಯನ್ನು ಕುಟ್ಟಿದರು. ಠಣ್ ಎಂದಿತು. ಹೊರಟರು. ಸರ್ ತಮ್ಮ ಫೋನು ತೆಗೆದು ಫೋಟೋ ಹಿಡಿದು ಅಲ್ಲಿಂದಲೇ ಸಾಹೇಬರಿಗೆ ಕಳಿಸಿದರು. ಪಟ್ಟಿ ಯಾಕೆ ಇನ್ನೂ ಉಂಟು ಎಂದು ಸಾಹೇಬರ ಫೋನ್ ಬಂತು. ‘ನಾನೇ ತಡೆದದ್ದು ಸರ್’ ಎಂದರು ಪದ್ಮನಾಭ ಸರ್. ಆಮೇಲೆ ತುಂಬ ಹೊತ್ತು ಬೈಗುಳ ಕೇಳಿಸಿಕೊಂಡರು. ಕೊನೆಗೆ, ಮಳೆಗಾಲ ಮುಗಿಯುವವರೆಗೆ ಇರಲಿ ಎಂದಾಯಿತು. ಮಳೆಗಾಲ ಮುಗಿಯುವಾಗ ಅದನ್ನು ತೆಗೆಯುವ ಮಾತನ್ನೇ ಯಾರೂ ಎತ್ತಲಿಲ್ಲ. ಈಗ ಅಲ್ಲಿ ಕಾಂಕ್ರೀಟಿನ ಪಟ್ಟಿ, ಕಬ್ಬಿಣದ ಜಾಲರಿ, ಸರಿಯಾದ ಫುಟ್‌ಪಾತು ಉಂಟು. ನಕ್ಷೆಯಲ್ಲಿ ಆ ಜಾಲರಿಗೆ ಉದ್ದನೆಯ ಹೆಸರು ಉಂಟು. ಸ್ಥಳದಲ್ಲಿ ಎಲ್ಲರೂ ಹೇಳುವುದು ಶೇಖರಣ್ಣನ ಕಂಡಿ. ನಾಲ್ಕು ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಅವರು ಎರಡು ಮೇಜು ಹಾಕಿದ್ದಾರೆ. ವ್ಯಾಪಾರ ಹೇಗೆ ಎಂದರೆ ಮಾತ್ರ ಈಗಲೂ, ಹೋಯ್ತು ಮಾರಾಯ, ನೀನು ಹಾಳು ಮಾಡಿದ್ದು ಎನ್ನುತ್ತಾರೆ, ಚಾ ಹೊಯ್ಯುತ್ತಾ.

ಇನ್ನು ಶಾಲಿನ ಸಂಜೆಗೆ ಬರುತ್ತೇನೆ. ಬೀಳ್ಕೊಡುಗೆಯಲ್ಲಿ ಎಲ್ಲರೂ ಒತ್ತಾಯ ಮಾಡಿ ನನ್ನಿಂದ ಪದ್ಮನಾಭ ಸರ್ ಸ್ವರ ತೆಗೆಸಿದರು, ಅವರ ಎದುರಿಗೇ. ಎಲ್ಲರೂ ನಕ್ಕರು, ಅವರೂ ನಕ್ಕರು. ಆಮೇಲೆ ಅನಾನಸು ಕೊಡುವಾಗ ಬದಿಗೆ ಕರೆದರು.

‘ಆ ದಿನ ನೀನು ಫೋನ್ ಇಟ್ಟ ಕೂಡಲೇ ಹಮೀದಾಕ ನನಗೆ ಮಾಡಿದ. ಸರ್, ನಿಮ್ಮ ಸ್ವರ ಬಂತು, ಆದರೆ ಊಟ ಆಯ್ತಾ ಅಂತ ಕೇಳ್ಲಿಲ್ಲ, ಯತೀಶನಾ ಅಂತ ಕೇಳಿದ.’

ನೀವು ಎಂತ ಹೇಳಿದಿರಿ ಸರ್ ಎಂದು ಕೇಳಿದೆ.

‘ಅಲ್ಲ, ನಾನೇ ಅಂತ ಹೇಳಿದೆ. ಮತ್ತೆ ಊಟ ಆಯ್ತಾ ಕೇಳಿದೆ.’

ಅಂದರೆ ಆ ಸಂಜೆಯೇ ಅವರಿಬ್ಬರಿಗೂ ಗೊತ್ತಿತ್ತು. ನಾನೊಬ್ಬನೇ ನನ್ನ ಕಲೆಯಿಂದ ಪಟ್ಟಿ ಉಳಿಯಿತು ಎಂದು ಎರಡು ವರ್ಷ ಒಳಗೊಳಗೇ ಬೀಗಿಕೊಂಡಿದ್ದೆ. ಉಗುಳು ನುಂಗುವುದನ್ನೂ ಕಲಿತವನು ಅವರ ಮೊದಲ ಮಾತನ್ನೇ ಬಿಟ್ಟಿದ್ದೆ. ಈಗ ವೇದಿಕೆಯ ಮೇಲೆ ಅವರ ಸ್ವರ ತೆಗೆಯುವಾಗ ಮೊದಲು ಊಟ ಆಯ್ತಾ ಎಂದೇ ಶುರು ಮಾಡುತ್ತೇನೆ. ಜನ ಆಯ್ತು ಎನ್ನುತ್ತಾರೆ.

ಕಳೆದ ವಾರ ಫಳ್ನೀರಿಗೆ ಹೋಗಿದ್ದೆ. ತಿರುಗಿಸಿದ ಬೆಂಚಿನಲ್ಲಿ ಜಾಗ ಸಿಕ್ಕಿತು. ಅಭ್ಯಾಸ ಬಲ, ಬೇಕರಿಯ ಬಿಲ್ಲಿನ ಹಿಂದೆ ಮೂರು ಗೆರೆ ಎಳೆದು ಎಣಿಸತೊಡಗಿದೆ. ಫುಟ್‌ಪಾತಿನ ಕಲಂ ಬೇಗ ತುಂಬಿತು, ದಾಟಿದವರದ್ದೂ ತುಂಬಿತು. ಮೂರನೆಯದು ಅರ್ಧ ಗಂಟೆ ಖಾಲಿಯಿತ್ತು. ಹನ್ನೆರಡೂವರೆಗೆ ಜೂಲಿ ಬಾಯಿ ಗೇಟಿನಿಂದ ಬಂದರು. ಅಂಚಿಗೆ ಬಂದರು. ಕಾರು ನಿಂತಿತು. ಅವರು ದಾಟಲಿಲ್ಲ. ಕ್ಯಾರಿಯರನ್ನು ನೋಡಿದರು, ತಿರುಗಿದರು, ಗೇಟಿನೊಳಗೆ ಹೋದರು.

ನನ್ನ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಏನಾಯಿತು, ಪೊರ್ಬುವಿಗೆ ಏನಾಯಿತು ಎಂದು ಎದ್ದೇಬಿಟ್ಟೆ. ಅಷ್ಟರಲ್ಲಿ ಅವರು ಮತ್ತೆ ಬಂದರು. ಬಲಕ್ಕೆ ನೋಡಿದ್ದೂ ಅಷ್ಟಕ್ಕಷ್ಟೇ, ಸೀದಾ ದಾಟಿ ನನ್ನ ಬೆಂಚಿನ ಹತ್ತಿರ ಬಂದು ನಿಂತರು. ಕೈಯಲ್ಲಿ ಒಂದು ಸಣ್ಣ ಬಾಟಲಿ ಇತ್ತು.

‘ಉಪ್ಪಿನಕಾಯಿ ಮರೆತದ್ದು, ಪುತಾ. ಅದಿಲ್ಲದಿದ್ರೆ ನನ್ನನ್ನು ಬಿಡುದಿಲ್ಲ ಅವರು.’

ಹೋದರು. ನಾನು ಕೂತು ಮೂರನೇ ಕಲಮಿನಲ್ಲಿ ಒಂದು ಗೀಟು ಹಾಕಿದೆ. ಪಕ್ಕದಲ್ಲಿ ಕಾರಣ ಬರೆಯಲು ಜಾಗ ಸಾಕಷ್ಟು ಇತ್ತು.